ಮಳೆಗಾಲದಲ್ಲಿ ಬೇಸ್ ಆಂಪ್
ನಮ್ಮ ಬ್ಯಾಂಡ್‌ನ ಬೇಸ್ ಆಂಪ್, ಅಂದರೆ ಬೇಸ್ ಗಿಟಾರಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ, ಕರಕರ ಅನ್ನಲು ಶುರು ಮಾಡಿತ್ತು. ಗಿಟಾರ್ ಕೇಬಲ್‌ನ ಪಿನ್ ಅಲುಗಿಸಿದರೆ ಸದ್ದು ಬರುತ್ತದೆ, ಬಿಟ್ಟರೆ ಹೋಗುತ್ತದೆ. ಮೊದಲು ಬೇರೆ ಕೇಬಲ್ ಹಾಕಿ ನೋಡಿದೆ. ಅದೇ ಕಥೆ. ಆಮೇಲೆ ಗಿಟಾರನ್ನು ಆಂಪ್‌ನ ಹಿಂಬದಿಯ ಎಫೆಕ್ಟ್ಸ್ ರಿಟರ್ನ್‌ಗೆ ಚುಚ್ಚಿದೆ. ಅಲ್ಲಿ ಚುಚ್ಚಿದರೆ ಸದ್ದು ಇನ್‌ಪುಟ್ ದಾಟದೆ, ಸ್ಪೀಕರ್ ಓಡಿಸುವ ಪವರ್ ಆಂಪ್‌ಗೆ ನೇರ ಹೋಗುತ್ತದೆ. ಸದ್ದು ಸಣ್ಣದಾಗಿ ಬಂತು, ಆದರೆ ಕರಕರ ಇರಲಿಲ್ಲ. ಅಂದರೆ ಪವರ್ ಆಂಪ್, ಸ್ಪೀಕರ್ ಎರಡೂ ಸರಿಯಾಗಿವೆ. ಅನುಮಾನ ಇನ್‌ಪುಟ್ ಜ್ಯಾಕ್, ಅಂದರೆ ಕೇಬಲ್ ಚುಚ್ಚುವ ತೂತಿನ ಮೇಲೆ ಬಂತು.

6.35 ಮಿಲಿಮೀಟರ್‌ನ ಜ್ಯಾಕ್ ಅದು. ಒಳಗೆ ಸ್ಪ್ರಿಂಗ್ ತರಹದ ತಗಡು ಪಿನ್ನಿನ ತುದಿಯನ್ನು ಒತ್ತಿ ಹಿಡಿಯಬೇಕು. ಮಡಿಕೇರಿಯ ಮಳೆಗಾಲದ ತೇವಕ್ಕೆ ಅದರ ಮೇಲೆ ಕಿಲುಬು ಕಟ್ಟುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಪಿನ್ ನಾಲ್ಕಾರು ಸಲ ಹಾಕಿ ತೆಗೆದರೆ ಎಷ್ಟೋ ಸಲ ಸರಿಯಾಗುತ್ತದೆ. ನಮ್ಮದು ಆಗಲಿಲ್ಲ.

ಆಂಪ್ ಬಿಚ್ಚೋಣ ಅಂದರೆ, ಕರೆಂಟಿನ ಪ್ಲಗ್ ಕಿತ್ತಿದ್ದರೂ ಒಳಗಿನ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರಬಹುದು. ಗಾಜಿನ ವಾಲ್ವ್‌ಗಳಿರುವ ಆಂಪ್ ಆದರೆ ಪ್ರಾಣಕ್ಕೇ ಅಪಾಯ. ಹಾಗಾಗಿ ಕುಶಾಲನಗರದ ರಿಪೇರಿ ಅಣ್ಣನ ಹತ್ತಿರ ಒಯ್ದೆ. ಬೋರ್ಡ್ ಮೇಲೆ ಜ್ಯಾಕ್‌ನ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಯಾರಾದರೂ ಕೇಬಲ್ ಎಡವಿದರೆ ಏಟು ಬೀಳುವುದು ಅಲ್ಲಿಗೇ ಅಲ್ವಾ. ಹಳೆ ಬೆಸುಗೆ ಕರಗಿಸಿ ತೆಗೆದು, ಹೊಸದು ಹಾಕಿ ಕೊಟ್ಟರು.

ಆಂಪ್ ಇಲ್ಲದ ದಿನಗಳಲ್ಲಿ ಪ್ರಾಕ್ಟೀಸ್‌ನಲ್ಲಿ ಹಾಡಿಗೆ ನೆಲವೇ ಇಲ್ಲ ಅನಿಸುತ್ತಿತ್ತು. ಮದುವೆ ಮನೆಯ ವಾಲಗದಲ್ಲಿ ಪೆಟ್ಟು ನಿಂತರೆ ಕುಣಿಯುವವರ ಕಾಲೂ ನಿಲ್ಲುತ್ತದೆ. ಬ್ಯಾಂಡ್‌ನಲ್ಲಿ ಆ ಕೆಲಸದ ಅರ್ಧ ಪಾಲು ಬೇಸ್‌ನದು ಅಂತ ನಾನು ನಂಬುತ್ತೇನೆ. ಜನ ಅದನ್ನು ಜಾಸ್ತಿ ಗಮನಿಸುವುದಿಲ್ಲ, ಅಷ್ಟೇ.

ಈಗ ಕೇಬಲನ್ನು ಆಂಪ್‌ನ ಹಿಡಿಕೆಯೊಳಗಿಂದ ತೂರಿಸಿ ಆಮೇಲೆ ಚುಚ್ಚುತ್ತಿದ್ದೇನೆ. ಯಾರು ಎಡವಿದರೂ ಎಳೆತ ಹಿಡಿಕೆಗೆ ಬೀಳುತ್ತದೆ, ಜ್ಯಾಕ್‌ಗೆ ಅಲ್ಲ.