ಗೆರೆ ದಪ್ಪ, ಗೆರೆ ತೆಳು

ಅಕ್ಕನ ಹೊಸ ಮನೆಗೆ ಅಂಗಡಿಯ ಉಡುಗೊರೆ ಬೇಡ, ಮನೆಯ ಹೆಸರನ್ನು ನಾನೇ ಬರೆದು ಫ್ರೇಮ್ ಹಾಕಿಸಿ ಕೊಡೋಣ ಅಂದುಕೊಂಡೆ. ಹೆಸರು ‘ಬೆಳಕು’. ಇವತ್ತು ಮೊದಲ ಸಲ ಅಗಲ ಮೂತಿಯ ಕ್ಯಾಲಿಗ್ರಫಿ ನಿಬ್ ಹಿಡಿದು ಕೂತೆ.

ನಿಬ್ಬನ್ನು 45 ಡಿಗ್ರಿ ಓರೆಯಲ್ಲಿ ಹಿಡಿದು, ಆ ಕೋನ ಬದಲಾಗದಂತೆ ಕೈ ಆಡಿಸಬೇಕು. ಆಗ ಬಲಕ್ಕೆ ಮೇಲೇರುವ ಗೆರೆ ತೆಳುವಾಗುತ್ತದೆ, ಬಲಕ್ಕೆ ಕೆಳಗಿಳಿಯುವುದು ದಪ್ಪವಾಗುತ್ತದೆ. ಒತ್ತುವ ಅಗತ್ಯವೇ ಇಲ್ಲ. ನಮ್ಮ ಅಕ್ಷರಗಳೆಲ್ಲ ದುಂಡಗಿವೆ ಅಲ್ವಾ, ಹಾಗಾಗಿ ಒಂದೇ ಸುತ್ತಿನಲ್ಲಿ ದಪ್ಪ, ತೆಳು, ಮತ್ತೆ ದಪ್ಪ. ‘ಕು’ವಿನ ಕೊಂಬು ಬಲಕ್ಕೆ ಹೊರಳುವಾಗ ಶಾಯಿ ನಿಧಾನವಾಗಿ ಅಗಲವಾಗುವುದನ್ನು ನೋಡಬೇಕು, ಎಷ್ಟು ಚಂದ!

ಎಷ್ಟೋ ವರ್ಷದಿಂದ ಬರೆಯುತ್ತಿದ್ದರೂ ಅಕ್ಷರವನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ‘ಕ’ಕ್ಕೆ ತಲಕಟ್ಟು ಇದೆ, ‘ಬ’ಕ್ಕೆ ಇಲ್ಲ. ಜ, ಟ, ಣ, ಲ ಇವಕ್ಕೂ ಇಲ್ಲ. ತಾಳೆಗರಿಯ ಮೇಲೆ ಕಂಠದಿಂದ, ಅಂದರೆ ಚೂಪು ಮೊನೆಯ ಕಬ್ಬಿಣದ ಕಡ್ಡಿಯಿಂದ, ಕೊರೆಯುವಾಗ ನೇರ ಗೆರೆಗೆ ಗರಿ ಸೀಳುತ್ತದೆ, ಅದಕ್ಕೇ ದಕ್ಷಿಣದ ಲಿಪಿಗಳು ದುಂಡಗಾದವು ಅಂತ ಹೇಳುತ್ತಾರೆ. ಹಾಗೆ ಬರೆದವರ ಹೆಸರು ಬಹುಪಾಲು ನಮಗೆ ಗೊತ್ತಿಲ್ಲ. ಆದರೆ ಅವರ ಕೈ ತಿರುಗಿದ ಕಡೆಗೇ ಇವತ್ತು ನನ್ನ ಕೈಯೂ ತಿರುಗುತ್ತಿದೆ ಅನ್ನೋದು ನನಗೆ ದೊಡ್ಡ ಖುಷಿ.

ಬೆರಳಿಗೆಲ್ಲ ಶಾಯಿ. ತೆಳು ಹಾಳೆಯಲ್ಲಿ ಶಾಯಿ ಹರಡುತ್ತದೆ, ನಾಳೆ ದಪ್ಪ ಹಾಳೆ ತರಬೇಕು. ಕನ್ನಡಕ್ಕೆ ಯಾವ ಅಗಲದ ನಿಬ್ ಚೆನ್ನಾಗಿ ಒಗ್ಗುತ್ತದೆ? ಗೊತ್ತಿರುವವರು ದಯವಿಟ್ಟು ಹೇಳಿ, ಗೃಹಪ್ರವೇಶಕ್ಕೆ ಇನ್ನೂ ಸಮಯ ಇದೆ.