ಕಾಫಿ ಬೀಜದ ನೀರು, ಆನಯಾನ್ ರೆಸಿನ್: ಇಲ್ಲಿವರೆಗೆ ಆದ ಕೆಲಸ

ಈ ಸಲದ ಗುರಿ ಚಿಕ್ಕದು. ಹುರಿಯದ ಕಾಫಿ ಬೀಜ ನೆನೆಸಿದ ನೀರಿನಿಂದ, ಬೀಜದಲ್ಲೇ ಇರುವ ಕ್ಲೋರೋಜೆನಿಕ್ ಆಮ್ಲವನ್ನು ರೆಸಿನ್ ಮೇಲೆ ಹಿಡಿಯಬೇಕು, ಕೆಫೀನ್ ಮಾತ್ರ ಕೆಳಗೆ ಇಳಿಯಬೇಕು. ಆನಯಾನ್ ರೆಸಿನ್ ಅಂದರೆ ಋಣ ವಿದ್ಯುದಂಶದ ಅಯಾನುಗಳನ್ನು (ಆನಯಾನ್) ಹಿಡಿದು, ಬದಲಿಗೆ ತನ್ನ ಮೇಲಿದ್ದ ಅಯಾನನ್ನು ಬಿಟ್ಟುಕೊಡುವ ಪ್ಲಾಸ್ಟಿಕ್ ಮಣಿ. ಅದನ್ನು ಕೊಳವೆಯಲ್ಲಿ ತುಂಬಿ (ಅದೇ ಕಾಲಂ) ಮೇಲಿಂದ ನೀರು ಇಳಿಸುವುದು. ಚಿಕ್ಕಮಗಳೂರಲ್ಲಿ ಇದ್ದುಕೊಂಡು ಪ್ರಯೋಗಕ್ಕೆ ಬೇರೆ ಪದಾರ್ಥ ಯಾಕೆ ಹುಡುಕೋದು, ಅಲ್ವಾ? ಹಿಡಿಯುವ ಕೆಲಸ ಆಗಿದೆ. ಹಿಡಿದದ್ದನ್ನು ಬಿಡಿಸುವುದು ಬಾಕಿ.

ರೆಸಿನ್ ಕೊಳ್ಳುವವರು ಒಂದು ವಿಷಯ ನೋಡಿಕೊಳ್ಳಿ. ಅಂಗಡಿಯಲ್ಲಿ ಸುಮ್ನೆ ‘ರೆಸಿನ್ ಕೊಡಿ’ ಅಂದರೆ ಗಡಸು ನೀರಿನ ಸಾಫ್ಟನರ್‌ಗೆ ಹಾಕುವುದನ್ನು ಕೊಡುತ್ತಾರೆ. ಅದು ಕ್ಯಾಟಯಾನ್ (ಧನ ಅಯಾನು) ರೆಸಿನ್, ಕ್ಯಾಲ್ಸಿಯಂ ಹಿಡಿಯುತ್ತದೆ, ಆಮ್ಲದ ಅಯಾನು ಹಿಡಿಯುವುದಿಲ್ಲ. ನಮಗೆ ಬೇಕಾದ್ದು ‘ಸ್ಟ್ರಾಂಗ್ ಬೇಸ್ ಆನಯಾನ್, ಟೈಪ್ 1’. ಆಂಬರ್‌ಲೈಟ್ ಐಆರ್‌ಎ 400, ಡೋವೆಕ್ಸ್ 1ಎಕ್ಸ್8 ಇವೆಲ್ಲ ಆ ಜಾತಿಯವು. ಎಕ್ಸ್8 ಅಂದರೆ ಸ್ಟೈರೀನ್ ಎಳೆಗಳನ್ನು ಹೊಲಿದು ಹಿಡಿದಿರುವ ಡೈವಿನೈಲ್‌ಬೆಂಜೀನ್ 8 ಶೇಕಡಾ.

ಮಣಿ ತಿಳಿ ಹಳದಿ, ಸಾಸಿವೆಗಿಂತ ಸಣ್ಣದು, ಒದ್ದೆಯಾಗೇ ಬರುತ್ತದೆ. ಅದರ ತೂಕದಲ್ಲಿ ಅರ್ಧದ ಹತ್ತಿರ ನೀರೇ. ಒಣಗಲು ಬಿಡಬೇಡಿ. ಒಣಗಿದ್ದನ್ನು ಒಮ್ಮೆಲೇ ನೀರಿಗೆ ಹಾಕಿದರೆ ಮಣಿ ಸೀಳುತ್ತದೆ. ನಾನು ಡಬ್ಬಿಯಲ್ಲಿ ಉಪ್ಪುನೀರು ಹಾಕಿ ಇಟ್ಟಿದ್ದೇನೆ.

ಈ ಮಣಿಗಳ ಮೈತುಂಬ ಕ್ವಾಟರ್ನರಿ ಅಮೋನಿಯಂ ಗುಂಪುಗಳು, ಅಂದರೆ ಧನ ವಿದ್ಯುದಂಶ ಹೊತ್ತ ಸಾರಜನಕದ ಗುಂಪುಗಳಿವೆ. ಟೈಪ್ 1ರಲ್ಲಿ ಸಾರಜನಕಕ್ಕೆ ಮೂರು ಮೀಥೈಲ್ ಅಂಟಿರುತ್ತವೆ. ಅದರ ಧನ ವಿದ್ಯುದಂಶ ಯಾವ ಪಿಎಚ್‌ನಲ್ಲೂ ಹೋಗುವುದಿಲ್ಲ. ವೀಕ್ ಬೇಸ್ ರೆಸಿನ್ ಪ್ರಬಲ ಆಮ್ಲವನ್ನಷ್ಟೇ ಹಿಡಿಯುತ್ತದೆ. ನಮ್ಮ ಸ್ಟ್ರಾಂಗ್ ಬೇಸ್ ರೆಸಿನ್ ಹೈಡ್ರಾಕ್ಸೈಡ್ ರೂಪದಲ್ಲಿದ್ದರೆ (ಅಂದರೆ ಅದರ ಮೇಲೆ ಹೈಡ್ರಾಕ್ಸೈಡ್ ಅಯಾನು ಕೂತಿದ್ದರೆ) ಸಿಲಿಕಾ, ಕರಗಿದ ಕಾರ್ಬನ್ ಡೈಆಕ್ಸೈಡ್‌ನಂಥ ತೀರಾ ದುರ್ಬಲ ಆಮ್ಲಗಳನ್ನೂ ಬಿಡುವುದಿಲ್ಲ. ಲ್ಯಾಬ್‌ನಲ್ಲಿ ಇದಕ್ಕೆ ಇಷ್ಟು ಬೆಲೆ ಬಂದಿರುವುದೇ ಅದಕ್ಕೆ.

ಮೊದಲು ಹೈಡ್ರಾಕ್ಸೈಡ್ ರೂಪವನ್ನೇ ಮಾಡಿ ನೋಡಿದೆ. ಅಂಗಡಿಯಿಂದ ಬರುವುದು ಕ್ಲೋರೈಡ್ ರೂಪ. 4 ಶೇಕಡಾ ಕಾಸ್ಟಿಕ್ ಸೋಡಾ ನಿಧಾನಕ್ಕೆ ಇಳಿಸುತ್ತಾ ಹೋಗಬೇಕು. ಲೆಕ್ಕಕ್ಕಿಂತ ಎಷ್ಟೋ ಜಾಸ್ತಿ ಬೇಕಾಗುತ್ತದೆ, ಯಾಕೆಂದರೆ ಟೈಪ್ 1 ರೆಸಿನ್‌ಗೆ ಹೈಡ್ರಾಕ್ಸೈಡ್‌ಗಿಂತ ಕ್ಲೋರೈಡ್ ಮೇಲೆ ಸುಮಾರು 20 ಪಟ್ಟು ಹೆಚ್ಚು ಒಲವು. ಕೆಳಗೆ ಬಂದ ಹನಿಯಲ್ಲಿ ಕ್ಲೋರೈಡ್ ಉಳಿದಿದೆಯಾ ಅಂತ ಸಿಲ್ವರ್ ನೈಟ್ರೇಟ್‌ನಿಂದ ನೋಡಬೇಕು. ಅದಕ್ಕೂ ಮೊದಲು ಟೆಸ್ಟ್ ಟ್ಯೂಬಿಗೆ ನೀರು ಬೆರೆಸಿ ತೆಳುವಾಗಿಸಿದ ನೈಟ್ರಿಕ್ ಆಮ್ಲ ಹಾಕಿ ಕ್ಷಾರ ಮುರಿಯಬೇಕು, ಇಲ್ಲದಿದ್ದರೆ ಕಂದು ಸಿಲ್ವರ್ ಆಕ್ಸೈಡ್ ಬಂದು ಕಣ್ಣಿಗೆ ಮೋಸ. ಆ ಆಮ್ಲ ಟೆಸ್ಟ್ ಟ್ಯೂಬಿಗಷ್ಟೇ. ಗಾಢ ನೈಟ್ರಿಕ್ ಆಮ್ಲ ರೆಸಿನ್‌ಗೆ ತಗುಲಿದರೆ ಸಿಡಿಯುವ ಅಪಾಯವಿದೆ.

ರೂಪ ಬದಲಾಗುವಾಗ ಮಣಿ ಸುಮಾರು 20 ಶೇಕಡಾ ಉಬ್ಬುತ್ತದೆ. ಬ್ಯುರೆಟ್‌ನ ತುದಿಗೆ ಗಾಜಿನ ಹತ್ತಿ ಇಟ್ಟು, ಮೇಲೆ ಧಾರಾಳ ಜಾಗ ಬಿಟ್ಟಿದ್ದೆ. ರೆಸಿನ್ ಮಟ್ಟ ಏರುವುದು ಬ್ಯುರೆಟ್ ಗೀಟುಗಳಲ್ಲೇ ಕಾಣುತ್ತದೆ. ತೊಳೆಯಲು ಮಳೆನೀರು ಕುದಿಸಿ ಆರಿಸಿದ್ದು. ನಮ್ಮ ಕಡೆ ಆ ನೀರಿಗೇನು ಬರ? ಕುದಿಸದೆ ಹಾಕಿದರೆ ಅದರಲ್ಲಿರುವ ಕಾರ್ಬನ್ ಡೈಆಕ್ಸೈಡ್ ರೆಸಿನ್ ಮೇಲೆ ಕೂರುತ್ತದೆ.

ಆಮೇಲಿನದು ನನಗೆ ತುಂಬ ಇಷ್ಟವಾದ ಭಾಗ. ಚಿಟಿಕೆ ಉಪ್ಪು ಕರಗಿಸಿದ ನೀರು ಮೇಲಿಂದ ಹಾಕಿದೆ, ಕೆಳಗೆ ಕ್ಷಾರ ಸಿಕ್ಕರೆ ಗುಲಾಬಿಯಾಗುವ ಫಿನಾಲ್ಫ್ಥಲೀನ್ ಇದ್ದ ಲೋಟ. ಮೊದಲ ಹನಿಗಳು ಹಾಗೇ ಬಿದ್ದವು. ಒಂದು ಹನಿ ಬಿದ್ದ ಜಾಗದಲ್ಲಿ ಗುಲಾಬಿ ಎಳೆ ಸುತ್ತಿಕೊಂಡಿತು, ನೋಡುತ್ತಿದ್ದಂತೆ ಲೋಟವೆಲ್ಲ ಕಡುಗುಲಾಬಿ. ಉಪ್ಪು ಹೋಗಿ ಕಾಸ್ಟಿಕ್ ಬಂತು! ಅದನ್ನು ಆಮ್ಲದಿಂದ ಟೈಟ್ರೇಟ್ ಮಾಡಿದರೆ ಹಾಕಿದ ಉಪ್ಪಿನ ಲೆಕ್ಕ ಸಿಗುತ್ತದೆ. ಗಡಸು ನೀರನ್ನು ಮಾತ್ರ ಹೀಗೆ ನೇರವಾಗಿ ಹಾಕಬೇಡಿ, ಕ್ಯಾಲ್ಸಿಯಂ, ಮೆಗ್ನೀಷಿಯಂ ಒಳಗೇ ಗಸಿಯಾಗಿ ಕೂತು ಕಾಲಂ ಕಟ್ಟುತ್ತದೆ. ನೀರಿನ ಲವಣವನ್ನೆಲ್ಲ ತೆಗೆಯುವ ಡಿಎಂ ಪ್ಲಾಂಟ್‌ನಲ್ಲಿ ಕ್ಯಾಟಯಾನ್ ಕಾಲಂ ಮೊದಲು ಬರುವುದಕ್ಕೆ ಇದೂ ಒಂದು ಕಾರಣ.

ಈ ಆಟ ಕೇಳಿ ಕಡೂರಿನ ಭಾವ ಫೋನ್ ಮಾಡಿದ್ದರು. ‘ನಮ್ಮ ಬೋರ್ ನೀರಿನ ಫ್ಲೋರೈಡ್ ಹೋಗುತ್ತೇನಯ್ಯಾ?’ ‘ಇಲ್ಲ ಭಾವ, ಇದಕ್ಕೆ ಹೋಗಲ್ಲ’ ಅಂದೆ. ರೆಸಿನ್‌ನ ಒಲವಿನ ಸಾಲಿನಲ್ಲಿ ಸಲ್ಫೇಟ್, ನೈಟ್ರೇಟ್ ಮುಂದೆ, ಆಮೇಲೆ ಕ್ಲೋರೈಡ್, ಬೈಕಾರ್ಬೊನೇಟ್. ಫ್ಲೋರೈಡ್ ತೀರಾ ಕೊನೆ. ಅದಕ್ಕೆ ಆಕ್ಟಿವೇಟೆಡ್ ಅಲ್ಯುಮಿನಾ ಅಥವಾ ಆರ್‌ಒ ಸರಿ. ನೈಟ್ರೇಟ್ ಜಾಸ್ತಿ ಇರುವ ನೀರಿಗಾದರೆ ಇದೇ ರೆಸಿನ್ ಕ್ಲೋರೈಡ್ ರೂಪದಲ್ಲಿ ಕೆಲಸಕ್ಕೆ ಬರುತ್ತದೆ.

ಈಗ ಕಾಫಿ. ಕ್ಲೋರೋಜೆನಿಕ್ ಆಮ್ಲ ಕ್ಷಾರದಲ್ಲಿ ಗಾಳಿ ತಾಗಿದರೆ ಕೆಡುತ್ತದೆ, ಬಣ್ಣ ತಿರುಗುತ್ತದೆ. ಹಾಗಾಗಿ ಇದಕ್ಕೆ ಕ್ಲೋರೈಡ್ ರೂಪವೇ ಸರಿ ಅಂತ ತೀರ್ಮಾನಿಸಿದೆ. ಕಾಫಿ ನೀರಿನ ಪಿಎಚ್‌ನಲ್ಲೇ ಆ ಆಮ್ಲ ಅಯಾನಾಗಿರುತ್ತದೆ, ರೆಸಿನ್‌ಗೆ ಅಷ್ಟು ಸಾಕು. ಕೆಫೀನ್‌ಗೆ ವಿದ್ಯುದಂಶವಿಲ್ಲ, ಅದು ಇಳಿದು ಹೋಗುತ್ತದೆ.

ಹುರಿಯದ ಬೀಜವನ್ನು ಕಾಫಿಪುಡಿ ಗಿರಣಿಗೆ ಒಯ್ದರೆ ಬೈಸಿಕೊಳ್ಳಬೇಕು, ಕಲ್ಲಿನಂತಿರುತ್ತದೆ. ಕುಟ್ಟಾಣಿಯಲ್ಲಿ ಜಜ್ಜಿ, ಬಿಸಿನೀರಲ್ಲಿ ನೆನೆಸಿ, ಎರಡು ಸಲ ಸೋಸಿದೆ. ಒಂದು ಹನಿಗೆ ಫೆರಿಕ್ ಕ್ಲೋರೈಡ್ ಹಾಕಿದರೆ ಕಡುಹಸಿರು, ಅಂದರೆ ಆಮ್ಲ ಇದೆ. ಕಾಲಂನಿಂದ ಇಳಿದ ಹನಿಗೆ ಹಾಕಿದರೆ ಫೆರಿಕ್ ಕ್ಲೋರೈಡ್‌ನ ಹಳದಿಯೇ ಉಳಿಯಿತು. ಹಸಿರು ಮತ್ತೆ ಕಾಣಿಸತೊಡಗಿದರೆ ಕಾಲಂ ತುಂಬಿತು ಅಂತ ಅರ್ಥ. ರೋಬಸ್ಟಾ ನೀರಿಗೆ ಅರೇಬಿಕಾಕ್ಕಿಂತ ಬೇಗ ತುಂಬುತ್ತದೆ, ರೋಬಸ್ಟಾದಲ್ಲಿ ಈ ಆಮ್ಲ ಜಾಸ್ತಿ ಇರುವುದು ಗೊತ್ತಿರುವ ವಿಷಯವೇ.

ರೆಸಿನ್‌ನ ಸಾಮರ್ಥ್ಯ ಒಂದು ಎಂಎಲ್‌ಗೆ ಸುಮಾರು 1.2 ಮಿಲಿಈಕ್ವಿವಲೆಂಟ್ (ಒಂದೇ ವಿದ್ಯುದಂಶದ ಅಯಾನಾದರೆ ಅಷ್ಟೇ ಮಿಲಿಮೋಲ್). ಅಂದರೆ 10 ಎಂಎಲ್ ರೆಸಿನ್, ಅಣುತೂಕ 354ರ ಈ ಆಮ್ಲವನ್ನು ಕಾಗದದ ಮೇಲೆ 4 ಗ್ರಾಂ ಹಿಡಿಯಬೇಕು. ನಿಜದಲ್ಲಿ ಅಷ್ಟಾಗುವುದಿಲ್ಲ. ದೊಡ್ಡ ಅಣು ಬಿಗಿ ಮಣಿಯೊಳಗೆ ನಿಧಾನಕ್ಕೆ ಹೋಗುತ್ತದೆ, ಜೊತೆಗೆ ಕಾಫಿಯ ಸಿಟ್ರಿಕ್, ಮ್ಯಾಲಿಕ್ ಆಮ್ಲಗಳೂ ಜಾಗ ತಿನ್ನುತ್ತವೆ.

ಹಿಡಿದ ಆಮ್ಲವನ್ನು ರೆಸಿನ್ ಬರೀ ಉಪ್ಪುನೀರಿಗೆ ಪೂರ್ತಿ ಬಿಡುತ್ತಿಲ್ಲ, ಮಣಿ ಇನ್ನೂ ಕಂದಾಗೇ ಇದೆ. ವಿದ್ಯುದಂಶದ ಸೆಳೆತವಷ್ಟೇ ಅಲ್ಲ, ಆಮ್ಲದ ಬೆಂಜೀನ್ ಉಂಗುರ ರೆಸಿನ್‌ನ ಸ್ಟೈರೀನ್ ಮೈಗೂ ಅಂಟುತ್ತದೆ. ಕಾರ್ಖಾನೆಗಳಲ್ಲಿ ಹೀಗೆ ಕೊಳೆ ಹಿಡಿದ ರೆಸಿನ್‌ಗೆ 10 ಶೇಕಡಾ ಉಪ್ಪು, 2 ಶೇಕಡಾ ಕಾಸ್ಟಿಕ್ ಸೇರಿಸಿ ಬೆಚ್ಚಗೆ ಹಾಯಿಸುತ್ತಾರೆ. ರೆಸಿನ್ ಉಳಿಯುತ್ತದೆ, ನನ್ನ ಆಮ್ಲ ಕ್ಷಾರದಲ್ಲಿ ಹಾಳಾಗುತ್ತದೆ. ಹಾಗಾಗಿ ಮುಂದಿನ ಕಂತಿನಲ್ಲಿ ಆಲ್ಕೋಹಾಲ್ ಬೆರೆಸಿದ ಉಪ್ಪುನೀರಿಗೆ ಸ್ವಲ್ಪ ಆಮ್ಲ ಹಾಕಿ ನೋಡುತ್ತೇನೆ. ಅಕ್ರಿಲಿಕ್ ಮೈಯ ರೆಸಿನ್ ಇಂಥವನ್ನು ಸುಲಭವಾಗಿ ಬಿಡುತ್ತದೆ. ಯಾರ ಹತ್ತಿರವಾದರೂ ಒಂದು ಲೋಟದಷ್ಟು ಇದ್ದರೆ ಹೇಳಿ, ಬದಲಿಗೆ ಕಾಫಿಪುಡಿ ಕಳಿಸುತ್ತೇನೆ.