ಅಮೆರಿಕದಲ್ಲಿ ಹೆಂಗಸರು ವ್ಯಾಪಾರ ನಡೆಸುವ ಬಗೆ

"ಹೆಂಗಸರು ರಿಸ್ಕ್ ತೆಗೆದುಕೊಳ್ಳೋದಿಲ್ಲ, ಅದಕ್ಕೇ ಅವರ ವ್ಯಾಪಾರ ಸಣ್ಣದಾಗೇ ಉಳಿಯುತ್ತೆ." ಊರಲ್ಲಿ ಕೇಳಿಬರುವ ಈ ಮಾತು ಅಮೆರಿಕದಲ್ಲೂ ಅಷ್ಟೇ ಸಲೀಸಾಗಿ ಕೇಳಿಬರುತ್ತದೆ. ಆದರೆ ಇಲ್ಲಿನ ಸಾಲದ ಅರ್ಜಿ, ಬಾಡಿಗೆ ಕರಾರು, ವರ್ಷದ ಲೆಕ್ಕಪತ್ರಗಳನ್ನು ಮುಂದಿಟ್ಟುಕೊಂಡು ಕೂತರೆ ಕಾಣುವುದೇ ಬೇರೆ. ಶುರುವಿನಲ್ಲೇ ಕೈಯಲ್ಲಿರುವ ದುಡ್ಡು ಕಡಿಮೆ, ಸಾಲ ಸಿಕ್ಕರೂ ಅದಕ್ಕೆ ಸ್ವಂತ ಆಸ್ತಿಯೇ ಹೊಣೆ. ಅಂಥ ಜಾಗದಲ್ಲಿ ಯಾರಿದ್ದರೂ ಹಿಂದೆ ಮುಂದೆ ನೋಡಿಯೇ ಹೆಜ್ಜೆ ಇಡುತ್ತಾರೆ. ಗಂಡಸರ ಮತ್ತು ಹೆಂಗಸರ ವ್ಯಾಪಾರದಲ್ಲಿ ಕಾಣುವ ಬಹುಪಾಲು ವ್ಯತ್ಯಾಸಕ್ಕೆ ದುಡ್ಡು ಬರುವ ದಾರಿಯೇ ಕಾರಣ ಅನ್ನುವುದು ನಮ್ಮ ಖಚಿತ ಅಭಿಪ್ರಾಯ. ಹುಟ್ಟುಗುಣದ ಪಾತ್ರ ಅದರಲ್ಲಿ ತೀರಾ ಸಣ್ಣದು.

ಆ ದಾರಿ ತೆರೆದು ಬಹಳ ಕಾಲವೇನೂ ಆಗಿಲ್ಲ. ಹೆಣ್ಣು ಎಂಬ ಕಾರಣಕ್ಕೋ ಮದುವೆಯಾಗಿದೆ, ಆಗಿಲ್ಲ ಎಂಬ ಕಾರಣಕ್ಕೋ ಸಾಲ ನಿರಾಕರಿಸಬಾರದು ಎಂಬ ಕಾನೂನು ಇಲ್ಲಿ ಬಂದದ್ದು 1974ರಲ್ಲಿ. ಅದಾದ ಮೇಲೂ ಹೆಣ್ಣುಮಗಳು ವ್ಯಾಪಾರಕ್ಕೆ ಸಾಲ ತೆಗೆಯಬೇಕಾದರೆ ಗಂಡನೋ ಅಪ್ಪನೋ ಸಹಿ ಹಾಕಬೇಕೆಂಬ ನಿಯಮ ಕೆಲವು ರಾಜ್ಯಗಳಲ್ಲಿ ಉಳಿದುಕೊಂಡಿತ್ತು. ಅದನ್ನು ತೆಗೆದುಹಾಕಿದ್ದು 1988ರ ಕಾಯ್ದೆ. ಅಷ್ಟು ಹತ್ತಿರದ ಇತಿಹಾಸ ಇದು.

ದೊಡ್ಡ ಬಂಡವಾಳದ ಕಥೆ ಇನ್ನೂ ಹಾಗೇ ಇದೆ. ಹೂಡಿಕೆದಾರರು ಪ್ರತಿವರ್ಷ ಸ್ಟಾರ್ಟಪ್‌ಗಳಿಗೆ ಹಾಕುವ ವೆಂಚರ್ ಹಣದಲ್ಲಿ ಹೆಂಗಸರಷ್ಟೇ ಸೇರಿ ಕಟ್ಟಿದ ಕಂಪನಿಗಳ ಪಾಲು ನೂರಕ್ಕೆ ಎರಡರ ಆಸುಪಾಸಿನಲ್ಲೇ ಇದೆ. ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಎಂಬ ಸಲಹಾ ಕಂಪನಿ 2018ರಲ್ಲಿ ಮಾಸ್‌ಚಾಲೆಂಜ್ ಎಂಬ, ಹೊಸ ಕಂಪನಿಗಳಿಗೆ ನೆರವಾಗುವ ಸಂಸ್ಥೆಯ ಜೊತೆ ಸೇರಿ ಲೆಕ್ಕ ಹಾಕಿತು. ಹೆಂಗಸರು ಸ್ಥಾಪಿಸಿದ ಅಥವಾ ಜೊತೆಯಾಗಿ ಸ್ಥಾಪಿಸಿದ ಕಂಪನಿಗಳಿಗೆ ಸರಾಸರಿ 9,35,000 ಡಾಲರ್ ಸಿಕ್ಕಿತ್ತು, ಗಂಡಸರ ಕಂಪನಿಗಳಿಗೆ 21 ಲಕ್ಷ ಡಾಲರಿಗೂ ಹೆಚ್ಚು. ಆದರೆ ಹೂಡಿದ ಪ್ರತಿ ಡಾಲರಿಗೆ ಹೆಂಗಸರ ಕಂಪನಿಗಳು 78 ಸೆಂಟ್ ಆದಾಯ ತಂದರೆ, ಗಂಡಸರ ಕಂಪನಿಗಳು ತಂದದ್ದು 31 ಸೆಂಟ್. ಕಡಿಮೆ ದುಡ್ಡಿನಲ್ಲಿ ಹೆಚ್ಚು ಕೆಲಸ ತೆಗೆಯುವುದನ್ನು ಇವರು ಅನಿವಾರ್ಯವಾಗಿ ಕಲಿತಿದ್ದಾರೆ.

ಹೂಡಿಕೆದಾರರ ಮುಂದೆ ನಿಂತಾಗ ಏನಾಗುತ್ತದೆ ಎನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಇಲ್ಲಿ ತಯಾರಿಯಿಂದ ನಿಜವಾಗಿ ಫಲ ಸಿಗುತ್ತದೆ. ನ್ಯೂಯಾರ್ಕ್‌ನ ಒಂದು ಸ್ಟಾರ್ಟಪ್ ಸ್ಪರ್ಧೆಯಲ್ಲಿ 2010ರಿಂದ 2016ರವರೆಗೆ ನಡೆದ ಪ್ರಶ್ನೋತ್ತರಗಳನ್ನು ಸಂಶೋಧಕರು ಒಂದೊಂದಾಗಿ ಬಿಡಿಸಿ ನೋಡಿದರು. ಗಂಡಸರಿಗೆ ಕೇಳಿದ ಪ್ರಶ್ನೆಗಳಲ್ಲಿ ನೂರಕ್ಕೆ 67 ಗೆಲುವಿನ ಪ್ರಶ್ನೆಗಳು: ಎಷ್ಟು ಬೆಳೆಯುತ್ತೀರಿ, ಮುಂದಿನ ಗುರಿ ಏನು. ಹೆಂಗಸರಿಗೆ ಕೇಳಿದ್ದರಲ್ಲಿ ನೂರಕ್ಕೆ 66 ನಷ್ಟ ತಡೆಯುವ ಪ್ರಶ್ನೆಗಳು: ಇರುವ ಗಿರಾಕಿಗಳು ಬಿಟ್ಟುಹೋದರೆ ಏನು, ಪೈಪೋಟಿ ಬಂದರೆ ಹೇಗೆ ತಡೆದುಕೊಳ್ಳುತ್ತೀರಿ. ಕೇಳುವವರು ಹೆಂಗಸರಾದರೂ ಪ್ರಶ್ನೆಯ ಧಾಟಿ ಬದಲಾಗಲಿಲ್ಲ. ರಕ್ಷಣೆಯ ಪ್ರಶ್ನೆಗೆ ರಕ್ಷಣೆಯ ಉತ್ತರವನ್ನೇ ಕೊಟ್ಟವರಿಗೆ ಕಡಿಮೆ ಹಣ ಬಂತು. ಅದೇ ಪ್ರಶ್ನೆಯನ್ನು ಬೆಳವಣಿಗೆಯ ಕಡೆಗೆ ತಿರುಗಿಸಿದವರಿಗೆ ಹಲವು ಪಟ್ಟು ಹೆಚ್ಚು ಬಂತು.

ತಿರುಗಿಸುವುದು ಅಂದರೆ ಪ್ರಶ್ನೆ ತಪ್ಪಿಸಿಕೊಳ್ಳುವುದು ಎಂದಲ್ಲ. "ತಿಂಗಳಿಗೆ ಎಷ್ಟು ಗಿರಾಕಿಗಳು ಕೈಬಿಡುತ್ತಾರೆ?" ಎಂದು ಕೇಳಿದರು ಅಂದುಕೊಳ್ಳಿ. "ನೂರಕ್ಕೆ ನಾಲ್ಕು, ಅದನ್ನು ಕಡಿಮೆ ಮಾಡಲು ಕರೆ ಮಾಡಿ ವಿಚಾರಿಸುತ್ತಿದ್ದೇವೆ" ಎಂದು ಹೇಳಿ ನಿಲ್ಲಿಸಿದರೆ ಕೇಳಿದವರ ತಲೆಯಲ್ಲಿ ಉಳಿಯುವುದು ಸೋರಿಕೆ ಮಾತ್ರ. "ನೂರಕ್ಕೆ ನಾಲ್ಕು. ಉಳಿದ 96 ಮಂದಿ ಆರು ತಿಂಗಳಲ್ಲಿ ತಮ್ಮ ಖರೀದಿಯನ್ನು ಒಂದೂವರೆ ಪಟ್ಟು ಹೆಚ್ಚಿಸಿದ್ದಾರೆ. ಈ ಹಣ ಬಂದರೆ ಅಂಥವರನ್ನೇ ಇನ್ನೂ ಎರಡು ನಗರಗಳಲ್ಲಿ ಹುಡುಕುತ್ತೇವೆ" ಎಂದರೆ ಅಪಾಯದ ಅಂಕಿ ಮುಚ್ಚಿಟ್ಟ ಹಾಗೂ ಆಗಲಿಲ್ಲ, ಮಾತು ಮುಂದಕ್ಕೂ ಹೋಯಿತು. ಅಪಾಯಕ್ಕೆ ಒಂದು ವಾಕ್ಯ, ಬೆಳವಣಿಗೆಗೆ ಎರಡು. ತಮಗೆ ಬರಬಹುದಾದ ಹತ್ತು ಹನ್ನೆರಡು ಪ್ರಶ್ನೆಗಳನ್ನು ಬರೆದು, ಗೆಳತಿಯೊಬ್ಬಳಿಂದ ಗಟ್ಟಿಯಾಗಿ ಕೇಳಿಸಿಕೊಂಡು ಹೀಗೆ ಅಭ್ಯಾಸ ಮಾಡಬೇಕು. ಸ್ಲೈಡ್‌ಗಳಿಗೆ ವಾರಗಟ್ಟಲೆ ಕೂರುವವರು ಪ್ರಶ್ನೋತ್ತರಕ್ಕೆ ಅರ್ಧ ಗಂಟೆಯನ್ನೂ ಕೊಡುವುದಿಲ್ಲ. ಹಣ ಕೈತಪ್ಪುವುದು ಬಹಳ ಸಲ ಅಲ್ಲೇ.

ಇನ್ನು, ಇಲ್ಲಿ ವ್ಯಾಪಾರ ಮಾಡುವ ಬಹುತೇಕ ಹೆಂಗಸರಿಗೆ ವೆಂಚರ್ ಹಣದ ಗೊಡವೆಯೇ ಇಲ್ಲ. ಅವರದು ಉಳಿತಾಯ, ಕ್ರೆಡಿಟ್ ಕಾರ್ಡ್, ಬ್ಯಾಂಕ್ ಸಾಲ. ಸಣ್ಣ ಉದ್ಯಮಗಳ ಸರ್ಕಾರಿ ಸಂಸ್ಥೆ ಎಸ್‌ಬಿಎ ಖಾತರಿ ನೀಡುವ ಸಾಲಗಳಲ್ಲಿ ನೂರಕ್ಕೆ 20 ಅಥವಾ ಹೆಚ್ಚು ಪಾಲಿರುವ ಪ್ರತಿಯೊಬ್ಬರೂ ವೈಯಕ್ತಿಕ ಜಾಮೀನು ಬರೆದುಕೊಡಬೇಕು. ಕಂಪನಿ ಮುಳುಗಿದರೆ ಸಾಲ ಮನೆಗೆ ಬರುತ್ತದೆ. ಹೆಂಗಸರು ಸಾಲದ ಮೊತ್ತವನ್ನು ತಾವೇ ಇಳಿಸಿ ಕೇಳುವುದಕ್ಕೆ ಇದೂ ಒಂದು ಕಾರಣ, ಮತ್ತು ತಪ್ಪು ನಡೆಯುವುದೂ ಅಲ್ಲೇ. 60,000 ಬೇಕಾದ ಕಡೆ 35,000 ಕೇಳಿದರೆ ಅಂಗಡಿ ತೆರೆಯಲು ಸಾಕಾಗುತ್ತದೆ, ನಾಲ್ಕನೆಯ ತಿಂಗಳ ಬಾಡಿಗೆಗೆ ಸಾಲುವುದಿಲ್ಲ. ಆಗ ಕೊರತೆ ತುಂಬಲು ವೈಯಕ್ತಿಕ ಕಾರ್ಡ್ ಹೊರಗೆ ಬರುತ್ತದೆ. 20,000 ಮಿತಿಯ ಕಾರ್ಡಿನಲ್ಲಿ 15,000ದ ಸರಕು ಕೊಂಡರೆ ಮಿತಿಯ ಮುಕ್ಕಾಲು ಭಾಗ ಬಳಸಿದಂತೆ. ಅದು 30 ಶೇಕಡಾ ದಾಟಿದರೆ ಕ್ರೆಡಿಟ್ ಸ್ಕೋರ್‌ಗೆ ಪೆಟ್ಟು ಎಂಬುದು ರೂಢಿಯ ಲೆಕ್ಕ. ಸ್ಕೋರ್ ಇಳಿದ ಮೇಲೆ ಎರಡನೆಯ ಸಾಲಕ್ಕೆ ಹೋದರೆ ಬ್ಯಾಂಕು ಆಗುವುದಿಲ್ಲ ಎನ್ನುತ್ತದೆ.

ಸರಿಯಾದ ಕ್ರಮ ಹೀಗೆ. ಮೊದಲು ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ನೋಂದಣಿ, ಆಮೇಲೆ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಪುಕ್ಕಟೆಯಾಗಿ ಸಿಗುವ ಇಐಎನ್ ಎಂಬ ವ್ಯಾಪಾರದ ತೆರಿಗೆ ಸಂಖ್ಯೆ, ಅದರ ಮೇಲೆ ವ್ಯಾಪಾರದ ಹೆಸರಲ್ಲಿ ಪ್ರತ್ಯೇಕ ಬ್ಯಾಂಕ್ ಖಾತೆ. ಮನೆ ಖರ್ಚಿನ ಒಂದು ಡಾಲರೂ ಆ ಖಾತೆಯಿಂದ ಹೋಗಬಾರದು. 30 ದಿನದ ಉದ್ದರಿ ಕೊಟ್ಟು, ಪಾವತಿಯ ವಿವರವನ್ನು ಕ್ರೆಡಿಟ್ ಸಂಸ್ಥೆಗಳಿಗೆ ತಿಳಿಸುವ ಎರಡು ಮೂರು ಸರಬರಾಜುದಾರರಲ್ಲಿ ಖಾತೆ ತೆರೆದು ಗಡುವಿಗೆ ಮುಂಚೆ ಕಟ್ಟುತ್ತಾ ಹೋದರೆ ವ್ಯಾಪಾರಕ್ಕೆ ತನ್ನದೇ ಸ್ಕೋರ್ ಹುಟ್ಟುತ್ತದೆ. ಲೈನ್ ಆಫ್ ಕ್ರೆಡಿಟ್ (ಒಂದು ಮಿತಿಯೊಳಗೆ ಬೇಕಾದಾಗ ತೆಗೆಯಬಹುದಾದ ಸಾಲ) ಕೇಳಬೇಕಾದದ್ದು ದುಡ್ಡು ಬೇಕಿಲ್ಲದ ಸಮಯದಲ್ಲಿ, ಖಾತೆಯಲ್ಲಿ ಹಣ ಆಡುತ್ತಿರುವಾಗ. ಕಷ್ಟ ಬಂದ ಮೇಲೆ ಕೇಳಿದರೆ ಕೊಡುವುದಿಲ್ಲ. ಚಿಕ್ಕ ಮೊತ್ತಕ್ಕೆ ಎಸ್‌ಬಿಎ ಮೈಕ್ರೋಲೋನ್ ಇದೆ, ಗರಿಷ್ಠ 50,000 ಡಾಲರ್, ಸ್ಥಳೀಯ ಲಾಭರಹಿತ ಸಂಸ್ಥೆಗಳ ಮೂಲಕ.

ಬೆಲೆ ಕಟ್ಟುವುದರಲ್ಲಿ ಆಗುವ ನಷ್ಟ ಸದ್ದಿಲ್ಲದ್ದು, ಆದರೆ ಬಹಳ ದೊಡ್ಡದು. ನೌಕರಿ ಬಿಟ್ಟು ವಿನ್ಯಾಸವನ್ನೋ ಲೆಕ್ಕಪತ್ರದ ಕೆಲಸವನ್ನೋ ಸ್ವಂತವಾಗಿ ಶುರು ಮಾಡಿದವರು ಹಳೆಯ ಸಂಬಳದಿಂದ ಲೆಕ್ಕ ಹಾಕುತ್ತಾರೆ. ವರ್ಷಕ್ಕೆ 60,000 ಅಂದರೆ, ನೌಕರಿಯ ವರ್ಷದ 2,080 ಗಂಟೆಗೆ ಭಾಗಿಸಿದರೆ ಗಂಟೆಗೆ ಸುಮಾರು 29 ಡಾಲರ್, ಅದಕ್ಕೆ ಸ್ವಲ್ಪ ಸೇರಿಸಿ 35 ಎಂದು ಹೇಳಿಬಿಡುತ್ತಾರೆ. ನಿಜವಾದ ಲೆಕ್ಕ ಬೇರೆ. ಬಿಲ್ ಮಾಡಬಹುದಾದ ಗಂಟೆಗಳು ವರ್ಷಕ್ಕೆ 1,100 ಸಿಕ್ಕರೆ ಹೆಚ್ಚು. ಉಳಿದದ್ದು ಗಿರಾಕಿ ಹುಡುಕುವುದು, ಕೊಟೇಶನ್ ಬರೆಯುವುದು, ಬಾಕಿ ವಸೂಲಿ. ಆರೋಗ್ಯ ವಿಮೆ, ವ್ಯಾಪಾರದ ವಿಮೆ, ಸಾಫ್ಟ್‌ವೇರ್ ಎಲ್ಲ ಸೇರಿ 18,000 ಎಂದಿಟ್ಟುಕೊಳ್ಳಿ. ಸರ್ಕಾರಿ ಪಿಂಚಣಿ ಮತ್ತು ವಯಸ್ಸಾದವರ ಆರೋಗ್ಯ ವಿಮೆ, ಅಂದರೆ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್‌ಗೆ ಮಾಲೀಕರು ಕಟ್ಟುತ್ತಿದ್ದ ಅರ್ಧ, ಅಂದರೆ 7.65 ಶೇಕಡಾ, ಈಗ ತಮ್ಮ ತಲೆಗೇ ಬರುತ್ತದೆ: ಸುಮಾರು 4,600. ಹಳೆಯ ಸಂಬಳವೂ ಸೇರಿ ಒಟ್ಟು 82,600ನ್ನು 1,100ಕ್ಕೆ ಭಾಗಿಸಿದರೆ ಗಂಟೆಗೆ 75 ಡಾಲರ್. ಮೂವತ್ತೈದರಲ್ಲಿ ದುಡಿದವಳು ಹಗಲು ರಾತ್ರಿ ಗೇಯ್ದೂ ವರ್ಷದ ಕೊನೆಗೆ "ಯಾಕೋ ಕೈಯಲ್ಲಿ ಏನೂ ಉಳಿಯಲಿಲ್ಲ" ಎನ್ನುತ್ತಾಳೆ. ಇದನ್ನು ಹೇಳುವಾಗ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಕೆಲಸದಲ್ಲಿ ಒಂದು ಕೊರತೆಯೂ ಇರುವುದಿಲ್ಲ.

ಗಂಡಸರಿಗೂ ಈ ತಪ್ಪು ಆಗುತ್ತದೆ. ಆದರೆ ಹೆಂಗಸು ತನಗಾಗಿ ಹೆಚ್ಚು ಕೇಳಿದಾಗ ಎದುರಿನವರು ಅವಳನ್ನು ಗಂಡಸಿಗಿಂತ ಬಿರುಸಾಗಿ ಅಳೆಯುತ್ತಾರೆ ಎಂದು ಅಮೆರಿಕದ ಪ್ರಯೋಗಗಳು ತೋರಿಸಿವೆ. ಅದೇ ಹೆಂಗಸು ಬೇರೆಯವರ ಪರವಾಗಿ ಚೌಕಾಸಿ ಮಾಡಿದಾಗ ಆ ದಂಡ ಬೀಳುವುದಿಲ್ಲ. ಇಲ್ಲಿನ ಜಾಣ ಉದ್ಯಮಿಗಳು ಇದನ್ನು ಪದ್ಧತಿಯಾಗಿಯೇ ಮಾಡಿಕೊಂಡಿದ್ದಾರೆ. ದರ ಬಾಯಲ್ಲಿ ಹೇಳುವುದಿಲ್ಲ, ಅಚ್ಚು ಹಾಕಿದ ದರಪಟ್ಟಿ ಕಳಿಸುತ್ತಾರೆ. "ನನಗೆ ಇಷ್ಟು ಬೇಕು" ಎನ್ನುವ ಕಡೆ "ನಮ್ಮ ಕಂಪನಿಯ ನಿಯಮದಂತೆ ಅರ್ಧ ಮುಂಗಡ, ಉಳಿದದ್ದು 30 ದಿನದಲ್ಲಿ, ತಡವಾದರೆ ತಿಂಗಳಿಗೆ ಒಂದೂವರೆ ಶೇಕಡಾ" ಎನ್ನುತ್ತಾರೆ. ತಡ ಶುಲ್ಕ ಕರಾರಿನಲ್ಲೇ ಬರೆದಿರಬೇಕು, ಆಮೇಲೆ ಬಿಲ್ಲಿನಲ್ಲಿ ಸೇರಿಸಿದರೆ ನಿಲ್ಲುವುದು ಕಷ್ಟ. ಎಷ್ಟು ಹಾಕಬಹುದು ಎಂಬ ಮಿತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೆಲಸ ಒಪ್ಪಿಸಿದ ದಿನವೇ ಬಿಲ್ ಹೋಗಬೇಕು, ಗಡುವು ಮುಗಿದ ಮರುದಿನವೇ ಮೊದಲ ನೆನಪೋಲೆ.

ಸಿಬ್ಬಂದಿಯನ್ನು ನಡೆಸುವುದರಲ್ಲಿ ಹೆಂಗಸರ ರೀತಿ ತೀರಾ ಬೇರೆ ಎನ್ನುವವರಿದ್ದಾರೆ. ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳಲ್ಲಿ ಕಂಡದ್ದು ಸಣ್ಣ ಅಂತರ: ಹೆಂಗಸರು ಸ್ವಲ್ಪ ಹೆಚ್ಚು ಜನರನ್ನು ಕೇಳಿ ತೀರ್ಮಾನಿಸುತ್ತಾರೆ, ಒಳ್ಳೆಯ ಕೆಲಸ ಗುರುತಿಸಿ ಹೇಳುತ್ತಾರೆ. ಐದಾರು ಜನರಿರುವಾಗ ಇದರಿಂದ ಲಾಭವೇ, ಕೆಲಸಗಾರರು ಬಿಟ್ಟುಹೋಗುವುದಿಲ್ಲ. ಹದಿನೈದು ಜನರಾದಾಗ ಎಲ್ಲ ವಿಷಯವೂ ಒಡತಿಯ ಮೇಜಿಗೇ ಬಂದು ನಿಲ್ಲುತ್ತದೆ. ಪರಿಹಾರ ಕಷ್ಟದ್ದಲ್ಲ. ಯಾರು ಯಾವ ಮೊತ್ತದವರೆಗೆ ಕೇಳದೆ ನಿರ್ಧರಿಸಬಹುದು ಎಂದು ಬರೆದು ಅಂಟಿಸಬೇಕು: 200 ಡಾಲರಿನೊಳಗಿನ ಹಣ ವಾಪಸಾತಿ ಕೌಂಟರಿನವರದು, 1,000ದವರೆಗಿನ ಖರೀದಿ ಮೇಲ್ವಿಚಾರಕರದು.

ಹೆಂಗಸರ ಒಡೆತನಕ್ಕೆ ಇಲ್ಲಿ ಸರ್ಕಾರಿ ಮಾನ್ಯತೆಯೂ ಇದೆ. ಕೇಂದ್ರ ಸರ್ಕಾರದ ಗುತ್ತಿಗೆಗಳಲ್ಲಿ ಶೇಕಡಾ 5 ಹೆಂಗಸರ ಸಣ್ಣ ಉದ್ಯಮಗಳಿಗೆ ಹೋಗಬೇಕೆಂಬ ಗುರಿ 1994ರಲ್ಲಿ ಇಟ್ಟದ್ದು, ಅದು ಮೊದಲ ಬಾರಿಗೆ ತಲುಪಿದ್ದು 2015ರಲ್ಲಿ. ಎಸ್‌ಬಿಎ ಕೊಡುವ ಪ್ರಮಾಣಪತ್ರಕ್ಕೆ ಶುಲ್ಕವಿಲ್ಲ. ಕಂಪನಿಯಲ್ಲಿ ಕನಿಷ್ಠ 51 ಶೇಕಡಾ ಪಾಲು ಅಮೆರಿಕದ ಪ್ರಜೆಗಳಾದ ಹೆಂಗಸರದಾಗಿರಬೇಕು, ಹಿಡಿತವೂ ಅವರದೇ ಆಗಿರಬೇಕು. ಅರ್ಜಿಗಳು ಬೀಳುವುದು ಈ ಎರಡನೆಯ ಮಾತಿನ ಮೇಲೆ. ಷೇರು ಪತ್ರದಲ್ಲಿ ಹೆಂಡತಿಗೆ 51 ಬರೆದಿರುತ್ತದೆ, ಆದರೆ ಕಂಪನಿಯ ಒಳ ಒಪ್ಪಂದದಲ್ಲಿ "ಮುಖ್ಯ ನಿರ್ಧಾರಗಳಿಗೆ ಎಲ್ಲ ಪಾಲುದಾರರ ಒಪ್ಪಿಗೆ ಬೇಕು" ಎಂಬ ಸಾಲು ಕೂತಿರುತ್ತದೆ. ಆ ಒಂದು ಸಾಲಿನಿಂದ 49ರವನಿಗೆ ತಡೆಯುವ ಅಧಿಕಾರ ಬಂತು, ಹಿಡಿತ ಹೋಯಿತು. ಅತ್ಯುನ್ನತ ಹುದ್ದೆ ಅವಳದಾಗಿರದಿದ್ದರೆ, ಈ ವ್ಯಾಪಾರಕ್ಕೆ ಸಾಕಷ್ಟು ಸಮಯ ಕೊಡಲಾಗದಂಥ ಬೇರೆ ನೌಕರಿ ಅವಳಿಗಿದ್ದರೆ, ಬ್ಯಾಂಕ್ ಸಹಿಯ ಅಧಿಕಾರ ಗಂಡನಿಗೊಬ್ಬನಿಗೇ ಇದ್ದರೆ ಕೂಡ ಹೀಗೇ. ಜಾಲದಲ್ಲಿ ಸಿಗುವ ಸಿದ್ಧ ಒಪ್ಪಂದದ ನಮೂನೆ ಬಳಸಿದವರು ಅರ್ಜಿಗೆ ಮುಂಚೆ ಮತದಾನದ ಭಾಗವನ್ನು ವಕೀಲರಿಗೆ ತೋರಿಸಲೇಬೇಕು.

ಗ್ರೀನ್ ಕಾರ್ಡ್ ಇರುವವರಿಗೆ ಡಬ್ಲ್ಯೂಬಿಇಎನ್‌ಸಿ ಎಂಬ ಖಾಸಗಿ ಸಂಸ್ಥೆಯ ಪ್ರಮಾಣಪತ್ರದ ದಾರಿ ಇದೆ, ದೊಡ್ಡ ಕಂಪನಿಗಳು ಖರೀದಿಗೆ ಅದನ್ನು ನೋಡುತ್ತವೆ. ಸರ್ಕಾರಿ ಗುತ್ತಿಗೆಗೆ ಸ್ಯಾಮ್ (SAM.gov) ಎಂಬ ಸರ್ಕಾರಿ ಜಾಲತಾಣದಲ್ಲಿ ನೋಂದಣಿ ಪುಕ್ಕಟೆ. ನೋಂದಾಯಿಸಿದ ಮೇಲೆ "ನವೀಕರಣಕ್ಕೆ ಹಣ ಕಟ್ಟಿ" ಎಂದು ಬರುವ ಇಮೇಲ್‌ಗಳನ್ನು ನಂಬಬೇಡಿ.

ಊರಿನಿಂದ ಗಂಡನ ಎಚ್-1ಬಿ ಉದ್ಯೋಗ ವೀಸಾ ಮೇಲೆ ಬಂದವರಿಗೆ ಇವೆಲ್ಲಕ್ಕಿಂತ ಮುಂಚಿನ ಪ್ರಶ್ನೆ ಕೆಲಸದ ಅನುಮತಿ. 2015ರ ನಿಯಮದಂತೆ, ಗಂಡನ ಗ್ರೀನ್ ಕಾರ್ಡಿನ ಐ-140 ಅರ್ಜಿ ಒಪ್ಪಿಗೆಯಾಗಿದ್ದರೆ ಎಚ್-4 ಎಂಬ ಅವಲಂಬಿತರ ವೀಸಾದಲ್ಲಿರುವ ಹೆಂಡತಿ ಅನುಮತಿ ಕಾರ್ಡ್ ಪಡೆದು ಸ್ವಂತ ವ್ಯಾಪಾರ ನಡೆಸಬಹುದು. ಆದರೆ ಗಂಡ ಅದರಲ್ಲಿ ದುಡಿಯುವಂತಿಲ್ಲ, ಏಕೆಂದರೆ ಎಚ್-1ಬಿ ಅನುಮತಿ ಅವನ ಕಂಪನಿಯ ಕೆಲಸಕ್ಕೆ ಮಾತ್ರ. "ವಾರಾಂತ್ಯದಲ್ಲಿ ಲೆಕ್ಕ ಬರೆದುಕೊಡ್ತಾರೆ, ಸಂಬಳವೇನೂ ಇಲ್ಲವಲ್ಲ" ಎಂಬ ಸಮಾಧಾನ ಮುಂದೆ ಗ್ರೀನ್ ಕಾರ್ಡಿಗೇ ಮುಳುವಾಗಬಹುದು. ಅವಳ ಕಾರ್ಡಿನ ನವೀಕರಣ ತಡವಾಗಿ ಅವಧಿ ಮುಗಿದರೆ ಅವಳೂ ಕೆಲಸ ನಿಲ್ಲಿಸಬೇಕು, ಒಡೆತನ ಉಳಿದರೂ ಸರಿಯೇ. ಅದಕ್ಕೇ ಸಂಬಳ ಪಾವತಿಗೂ ಗಿರಾಕಿಗಳ ಜೊತೆ ವ್ಯವಹಾರಕ್ಕೂ ಅಧಿಕಾರವಿರುವ, ಕೆಲಸದ ಹಕ್ಕಿರುವ ಒಬ್ಬರನ್ನು ಮೊದಲ ವರ್ಷದಲ್ಲೇ ನೇಮಿಸಿ ತಯಾರು ಮಾಡಿಕೊಳ್ಳಬೇಕು, ಆ ಅಧಿಕಾರವನ್ನು ಬರಹದಲ್ಲೇ ಕೊಟ್ಟಿರಬೇಕು.

ಈ ಕಾಗದಗಳನ್ನೆಲ್ಲ ಕೂತು ನೋಡಿಕೊಡುವವರು ಬಹುತೇಕ ರಾಜ್ಯಗಳಲ್ಲಿರುವ ವಿಮೆನ್ಸ್ ಬಿಸಿನೆಸ್ ಸೆಂಟರ್‌ಗಳಲ್ಲಿ ಸಿಗುತ್ತಾರೆ. ಸ್ಕೋರ್ ಎಂಬ ಸಂಸ್ಥೆಯ ಅನುಭವಿ ಉದ್ಯಮಿಗಳು ಪುಕ್ಕಟೆಯಾಗಿ ಸಲಹೆ ಕೊಡುತ್ತಾರೆ. ಮೊದಲ ಭೇಟಿಗೆ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ದರಪಟ್ಟಿ ಮತ್ತು ಪಾಲುದಾರಿಕೆಯ ಒಪ್ಪಂದ ತೆಗೆದುಕೊಂಡು ಹೋಗಿ. ವೀಸಾ ಪ್ರಶ್ನೆಗಳನ್ನು ಮಾತ್ರ ಅಲ್ಲಿ ಕೇಳಬೇಡಿ, ಅದಕ್ಕೆ ವಲಸೆ ವಕೀಲರೇ ಬೇಕು.